ಕೊಲ್ಹಾಪುರದ ನೆತ್ತಿಯ ಮೇಲೆ ಮೈನಸ್ 71: ಕತ್ತಲೊಳಗಿನ ಬೆಳಕಿನಿಂದ ಚಳಿ ಅಳೆದ ಕಥೆ

2002ರ ನವೆಂಬರ್ 1ರಿಂದ 2003ರ ಏಪ್ರಿಲ್ 29ರವರೆಗೆ, ಮೋಡವಿಲ್ಲದ ರಾತ್ರಿಗಳಲ್ಲಿ, ಕೊಲ್ಹಾಪುರದಲ್ಲಿ ಒಂದು ಉಪಕರಣ ಆಕಾಶಕ್ಕೆ ಮುಖ ಮಾಡಿ ಕೂತಿತ್ತು. ಹೀಗೆ 60 ರಾತ್ರಿಗಳ ಲೆಕ್ಕ ಸಿಕ್ಕಿತು. ಎಲ್ಲ ಕೂಡಿಸಿ ಸರಾಸರಿ ತೆಗೆದಾಗ ಬಂದ ಉತ್ತರ: ನೆಲದಿಂದ ಸುಮಾರು 87 ಕಿಲೋಮೀಟರ್ ಮೇಲೆ ಗಾಳಿಯ ಉಷ್ಣಾಂಶ ಮೈನಸ್ 71 ಡಿಗ್ರಿ ಸೆಲ್ಸಿಯಸ್.

ಅಷ್ಟೆತ್ತರಕ್ಕೆ ಯಾರೂ ಥರ್ಮಾಮೀಟರ್ ಕಳಿಸಿರಲಿಲ್ಲ. ಬಲೂನು ಹಾರಿಸಿರಲಿಲ್ಲ, ರಾಕೆಟ್ ಬಿಟ್ಟಿರಲಿಲ್ಲ. ನೆಲದ ಮೇಲೆ ಕೂತು, ಕತ್ತಲನ್ನೇ ನೋಡಿ, ಅದರೊಳಗಿದ್ದ ಚೂರು ಬೆಳಕನ್ನು ಓದಿ ಈ ಚಳಿ ಅಳೆದಿದ್ದರು.

ನಮ್ಮ ಕಡೆಯವರಿಗೆ ಆ ವರ್ಷ ಬೇರೆ ಕಾರಣಕ್ಕೆ ನೆನಪಿದೆ. 2002 ಇಡೀ ದೇಶಕ್ಕೇ ಬರದ ವರ್ಷ. ಮುಂಗಾರು ಕೈಕೊಟ್ಟು ಜನ ಗುಳೆ ಹೊರಟ ಕಾಲ. ನಾವು ಮೋಡಕ್ಕಾಗಿ ಮೇಲೆ ನೋಡುತ್ತಿದ್ದೆವು, ಅವರು ಮೋಡ ಇಲ್ಲದ ಆಕಾಶಕ್ಕಾಗಿ ಕಾಯುತ್ತಿದ್ದರು. ಕೂಡ್ಲಿಗಿಯಿಂದ ನೇರ ಗೆರೆ ಎಳೆದರೆ ಕೊಲ್ಹಾಪುರ ಸುಮಾರು 300 ಕಿಲೋಮೀಟರ್. ಮಹಾಲಕ್ಷ್ಮಿ ಗುಡಿ, ಬೆಲ್ಲ, ಚಪ್ಪಲಿಯಿಂದ ನಮಗೆ ಆ ಊರು ಗೊತ್ತು. ಈ ಕೆಲಸದಿಂದ ಗೊತ್ತಿರುವವರು ಕಡಿಮೆ. ಅದಕ್ಕೇ ಬರೆಯುತ್ತಿದ್ದೇವೆ.

ಮೊದಲು ಆ ಬೆಳಕಿನ ವಿಷಯ. ಅಮಾವಾಸ್ಯೆ ರಾತ್ರಿ, ಊರ ದೀಪದಿಂದ ದೂರ ಹೊಲದಲ್ಲಿ ನಿಂತರೂ ಆಕಾಶ ಕಾಡಿಗೆಯಷ್ಟು ಕಪ್ಪಾಗಿರುವುದಿಲ್ಲ. ಕೈ ಎತ್ತಿ ಹಿಡಿದರೆ ಆಕಾಶದ ಎದುರು ಕೈ ಕಪ್ಪಗೆ ಕಾಣುತ್ತದೆ, ಅಂದರೆ ಹಿಂದಿನ ಆಕಾಶದಲ್ಲಿ ಬೆಳಕಿದೆ ಅಂತಾಯಿತು. ಅದೆಲ್ಲ ಚುಕ್ಕಿಗಳ ಬೆಳಕು ಎಂದೇ ಬಹಳ ಕಾಲ ಜನ ತಿಳಿದಿದ್ದರು. ಕಣ್ಣಿಗೆ ಬಿಡಿಯಾಗಿ ಕಾಣದ ಕೋಟ್ಯಂತರ ಸಣ್ಣ ಚುಕ್ಕಿಗಳು ಸೇರಿ ಆಕಾಶವನ್ನು ಮಸುಕಾಗಿ ಬೆಳಗಿಸುತ್ತವೆ ಎಂಬ ಲೆಕ್ಕ.

ಲೆಕ್ಕ ತಪ್ಪಿದ್ದು 20ನೇ ಶತಮಾನದ ಆರಂಭದಲ್ಲಿ. 1901ರಲ್ಲಿ ಅಮೆರಿಕದ ಸೈಮನ್ ನ್ಯೂಕೂಂಬ್ ಇರುಳಿನ ಆಕಾಶದ ಬೆಳಕನ್ನು ಅಳೆಯಲು ಹೊರಟರು. 1909ರಲ್ಲಿ ನೆದರ್ಲೆಂಡ್ಸಿನ ಯಿಂಟೆಮಾ ಇನ್ನೂ ಜತನದಿಂದ ಅಳೆದು ಒಂದು ವಿಚಿತ್ರ ಕಂಡುಕೊಂಡರು. ನೆತ್ತಿಯ ಮೇಲಿಗಿಂತ ದಿಗಂತದ ಕಡೆ ಇಳಿದಂತೆ ಬೆಳಕು ಹೆಚ್ಚಾಗುತ್ತಿತ್ತು. ಚುಕ್ಕಿಗಳ ಬೆಳಕೇ ಆಗಿದ್ದರೆ ಹೀಗಾಗಬಾರದು.

ಇದು ಅರ್ಥವಾಗಬೇಕಾದರೆ ಜೋಳದ ಹೊಲ ನೆನೆಸಿಕೊಳ್ಳಿ. ಮೊಳಕಾಲುದ್ದ ಬೆಳೆದ ಪೈರನ್ನು ನೆಟ್ಟಗೆ ಮೇಲಿಂದ ನೋಡಿದರೆ ಸಾಲಿನ ನಡುವೆ ಮಣ್ಣು ಕಾಣುತ್ತದೆ. ಬದುವಿನ ಮೇಲೆ ನಿಂತು ಹೊಲದ ಆ ತುದಿಗೆ ಕಣ್ಣು ಹಾಯಿಸಿದರೆ ಎಲ್ಲಾ ಹಸಿರೇ. ಪೈರು ಅಷ್ಟೇ ಇದೆ, ನೋಟ ಅಡ್ಡಕ್ಕೆ ಹೋದಾಗ ದಾರಿಯಲ್ಲಿ ಸಿಗುವ ಪೈರು ಹೆಚ್ಚು. ಆಕಾಶದಲ್ಲೂ ಹಾಗೇ. ನಮ್ಮ ತಲೆ ಮೇಲೆ ಎಲ್ಲೋ ಒಂದು ತೆಳ್ಳನೆಯ ಬೆಳಕಿನ ಪದರ ಹಾಸಿಕೊಂಡಿದೆ, ಅಡ್ಡಕ್ಕೆ ನೋಡಿದಾಗ ದಪ್ಪವಾಗಿ ಕಾಣುತ್ತಿದೆ. ಅಂದರೆ ಆ ಬೆಳಕು ಭೂಮಿಯ ಗಾಳಿಯದ್ದೇ.

ಇಂಗ್ಲಿಷಿನವರು ಇದಕ್ಕೆ ಏರ್‌ಗ್ಲೋ ಅನ್ನುತ್ತಾರೆ. ನಾವು ಗಾಳಿಬೆಳಕು ಅನ್ನೋಣ. ಅಂತರಿಕ್ಷ ನಿಲ್ದಾಣದಿಂದ ತೆಗೆದ ರಾತ್ರಿಯ ಫೋಟೋಗಳು ವಾಟ್ಸಾಪಿನಲ್ಲಿ ಓಡಾಡುತ್ತವಲ್ಲ, ಅದರಲ್ಲಿ ಭೂಮಿಯ ಅಂಚಿಗೆ ಹಸಿರು ನೂಲು ಹೊಲಿದಂತೆ ಕಾಣುವುದು ಇದೇ.

ಆ ಹಸಿರಿನ ಮೂಲ ಹುಡುಕಲು ಹಿಡಿದ ಕಾಲವೂ ಕಡಿಮೆಯಲ್ಲ. ಇಂಗ್ಲೆಂಡಿನ ನಾಲ್ಕನೇ ಲಾರ್ಡ್ ರ್‍ಯಾಲೆ 1920ರ ದಶಕದಲ್ಲಿ ಬಣ್ಣದ ಗಾಜು, ಫೋಟೋ ಪ್ಲೇಟು ಇಟ್ಟುಕೊಂಡು ರಾತ್ರಿ ರಾತ್ರಿ ಆಕಾಶ ಅಳೆದರು. ಧ್ರುವದ ಕಡೆ ಕಾಣುವ ಬಣ್ಣದ ಬೆಳಕಿನಲ್ಲಿ ಇರುವ ಅದೇ ಹಸಿರು ಗೆರೆ, ಧ್ರುವದಿಂದ ದೂರದ ಸಾಧಾರಣ ರಾತ್ರಿಯಲ್ಲೂ ಇದೆ ಎಂದು ತೋರಿಸಿದರು. (ಅವರ ಅಪ್ಪನೂ ಲಾರ್ಡ್ ರ್‍ಯಾಲೆಯೇ, 1904ರ ನೊಬೆಲ್ ಅಪ್ಪನಿಗೆ. ಓದುವಾಗ ಇಬ್ಬರನ್ನೂ ಒಬ್ಬರೇ ಅಂದುಕೊಳ್ಳುವುದು ಸುಲಭ.) 1923ರಲ್ಲಿ ಬ್ಯಾಬ್‌ಕಾಕ್ ಆ ಗೆರೆಯ ಅಳತೆಯನ್ನು ಕರಾರುವಾಕ್ಕಾಗಿ ಹಿಡಿದರು. 1925ರಲ್ಲಿ ಕೆನಡಾದ ಟೊರಾಂಟೊದಲ್ಲಿ ಮೆಕ್‌ಲೆನನ್ ಮತ್ತು ಶ್ರಮ್ ಅದೇ ಹಸಿರನ್ನು ಪ್ರಯೋಗಾಲಯದ ಕೊಳವೆಯಲ್ಲಿ ಹುಟ್ಟಿಸಿ, ಅದು ಆಮ್ಲಜನಕದ ಒಂಟಿ ಪರಮಾಣುವಿನದು ಎಂದರು. ನಾವು ಉಸಿರಾಡುವ ಆಮ್ಲಜನಕವೇ. ಇಲ್ಲಿ ಜೋಡಿಯಾಗಿರುತ್ತದೆ, ಅಲ್ಲಿ ಬಿಸಿಲಿನ ಹೊಡೆತಕ್ಕೆ ಜೋಡಿ ಒಡೆದಿರುತ್ತದೆ.

1929ರಲ್ಲಿ ಅಮೆರಿಕದ ಸ್ಲೈಫರ್ ಸೋಡಿಯಂನ ಹಳದಿ ಗೆರೆಯನ್ನೂ ಆಕಾಶದಲ್ಲಿ ಕಂಡರು. ಆದರೆ ಉಷ್ಣಾಂಶ ಅಳೆಯುವ ನಮ್ಮ ಕಥೆಗೆ ಬೇಕಾದ ಗಾಳಿಬೆಳಕು ಹಸಿರೂ ಅಲ್ಲ, ಹಳದಿಯೂ ಅಲ್ಲ. ಅದು ಕಡುಗೆಂಪಿನ ಕೊನೆಯಲ್ಲಿ, ಕಣ್ಣಿಗೆ ಸಿಗದ ಕಡೆ ಇದೆ. 1950ರಲ್ಲಿ ಏಡನ್ ಮೈನೆಲ್ ಅದನ್ನು ಗುರುತಿಸಿದರು. ಒಂದು ಜಲಜನಕ, ಒಂದು ಆಮ್ಲಜನಕ ಅಂಟಿಕೊಂಡ ಹೈಡ್ರಾಕ್ಸಿಲ್ ಎಂಬ ಅಣುವಿನ ಬೆಳಕು ಅದು. ಅದೇ ವರ್ಷ ಬೇಟ್ಸ್ ಮತ್ತು ನಿಕೋಲೆ ಎಂಬ ಇಬ್ಬರು ಅದು ಹುಟ್ಟುವ ಬಗೆಯನ್ನೂ ಬಿಡಿಸಿ ಹೇಳಿದರು.

ಪಂಚಾಯ್ತಿಯವರು ಹಾಕಿದ ಸೋಲಾರ್ ದೀಪ ನೋಡಿದ್ದೀರಲ್ಲ, ಹಗಲು ಚಾರ್ಜ್ ಆಗಿ ರಾತ್ರಿ ಉರಿಯುತ್ತದೆ. ಇದೂ ಹಾಗೇ. ಹಗಲಿನ ಬಿಸಿಲು ಮೇಲಿನ ಗಾಳಿಯಲ್ಲಿ ಆಮ್ಲಜನಕದ ಜೋಡಿ ಒಡೆಯುತ್ತದೆ. ಒಡೆದ ತುಂಡುಗಳಲ್ಲಿ ಬಿಸಿಲಿನ ಶಕ್ತಿ ಉಳಿದಿರುತ್ತದೆ. ತುಂಡುಗಳು ಸೇರಿ ಓಝೋನ್ ಆಗುತ್ತದೆ. ಆ ಓಝೋನಿಗೆ ಜಲಜನಕದ ಪರಮಾಣು ಬಡಿದಾಗ ಹೈಡ್ರಾಕ್ಸಿಲ್ ಹುಟ್ಟುತ್ತದೆ, ಹುಟ್ಟುವಾಗಲೇ ಕುಣಿಯುತ್ತಾ ಹುಟ್ಟುತ್ತದೆ. ಕುಣಿತ ಇಳಿಯುವಾಗ ಬೆಳಕು ಬಿಡುತ್ತದೆ. ಈ ವ್ಯವಹಾರವೆಲ್ಲ ಸುಮಾರು 87 ಕಿಲೋಮೀಟರ್ ಎತ್ತರದ ಸುತ್ತ, ಎಂಟು ಹತ್ತು ಕಿಲೋಮೀಟರ್ ದಪ್ಪದ ಪದರದಲ್ಲಿ ನಡೆಯುತ್ತದೆ.

ಬೆಳಕಿನಿಂದ ಚಳಿ ಹೇಗೆ ತಿಳಿಯುತ್ತದೆ? ನಮಗೆ ಈ ಇಡೀ ಕಥೆಯಲ್ಲಿ ಬಹಳ ಹಿಡಿಸಿದ್ದು ಇದೇ ಭಾಗ.

ಹೈಡ್ರಾಕ್ಸಿಲ್ ಅಣು ಕುಣಿಯುವುದರ ಜೊತೆಗೆ ಬುಗುರಿಯಂತೆ ತಿರುಗುತ್ತಲೂ ಇರುತ್ತದೆ. ಆದರೆ ಮನಸ್ಸಿಗೆ ಬಂದ ವೇಗದಲ್ಲಿ ತಿರುಗುವಂತಿಲ್ಲ. ಹಳೇ ಫ್ಯಾನಿನ ರೆಗ್ಯುಲೇಟರ್‌ನಲ್ಲಿ 1, 2, 3, 4 ಎಂದು ಕಚ್ಚುಗಳಿರುತ್ತವಲ್ಲ, ಎರಡೂವರೆಗೆ ನಿಲ್ಲಿಸಲು ಆಗುವುದಿಲ್ಲ. ಅಣುವಿಗೂ ಇಂಥ ಕಚ್ಚುಗಳಿವೆ. ಒಂದೊಂದು ಕಚ್ಚಿನಲ್ಲಿ ತಿರುಗುವ ಅಣು ಒಂದೊಂದು ಬಣ್ಣದ ಬೆಳಕು ಬಿಡುತ್ತದೆ. ಬಣ್ಣದ ವ್ಯತ್ಯಾಸ ಕೂದಲೆಳೆಯಷ್ಟು, ಆದರೆ ಉಪಕರಣಕ್ಕೆ ಸಿಗುತ್ತದೆ.

ಸುತ್ತಲಿನ ಗಾಳಿ ತಣ್ಣಗಿದ್ದರೆ ಹೆಚ್ಚು ಅಣುಗಳು ಕೆಳಗಿನ ಕಚ್ಚಿನಲ್ಲಿ ನಿಧಾನಕ್ಕೆ ತಿರುಗುತ್ತವೆ. ಬೆಚ್ಚಗಾದರೆ ಅಕ್ಕಪಕ್ಕದ ಅಣುಗಳು ಬಡಿದು ಬಡಿದು ಕೆಲವನ್ನು ಮೇಲಿನ ಕಚ್ಚಿಗೆ ಏರಿಸುತ್ತವೆ. ಕೆಳಗಿನ ಕಚ್ಚಿನ ಬಣ್ಣ ಎಷ್ಟು, ಮೇಲಿನ ಕಚ್ಚಿನ ಬಣ್ಣ ಎಷ್ಟು ಎಂದು ಅಳೆದು ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಉಷ್ಣಾಂಶ ಸಿಗುತ್ತದೆ. ಒಟ್ಟು ಬೆಳಕು ಹೆಚ್ಚಿರಲಿ ಕಡಿಮೆಯಿರಲಿ, ಚಿಂತೆಯಿಲ್ಲ. ಬೇಕಾದ್ದು ಎರಡರ ನಡುವಿನ ಪಾಲು ಮಾತ್ರ.

ಕೊಲ್ಹಾಪುರದಲ್ಲಿ ಅಳೆದದ್ದು ಇಂಥ ಎರಡು ಗೆರೆ. ಒಂದು 731.6 ನ್ಯಾನೋಮೀಟರಿನದು, ಇನ್ನೊಂದು 740.2 ನ್ಯಾನೋಮೀಟರಿನದು. ಅಳೆದದ್ದು ವಾಲುವ ಫಿಲ್ಟರಿನ ಫೋಟೋಮೀಟರಿನಿಂದ. ಒಂದೇ ಬಣ್ಣ ಹಾಯಲು ಬಿಡುವ ಗಾಜನ್ನು ಚೂರು ವಾಲಿಸಿದರೆ, ಹಾಯುವ ಬಣ್ಣ ಪಕ್ಕಕ್ಕೆ ಸರಿಯುತ್ತದೆ. ಗೆರೆಯ ಮೇಲೆ ಒಮ್ಮೆ ಅಳೆಯುವುದು, ಗೆರೆ ತಪ್ಪಿಸಿ ಪಕ್ಕದಲ್ಲಿ ಒಮ್ಮೆ ಅಳೆಯುವುದು. ಪಕ್ಕದ್ದು ಚುಕ್ಕಿಗಳ ಬೆಳಕು. ಅದನ್ನು ಕಳೆದರೆ ಉಳಿಯುವುದು ಗಾಳಿಬೆಳಕು. ಕೊಟ್ಟೂರಿನ ಎಪಿಎಂಸಿಯಲ್ಲಿ ಚೀಲದ ತೂಕ ಕಳೆದು ಕಾಳಿನ ತೂಕ ಬರೆದುಕೊಳ್ಳುವ ಹಾಗೆ.

ಈ ಕೆಲಸ ಮಾಡಿದ್ದು ಭಾರತೀಯ ಭೂಕಾಂತತ್ವ ಸಂಸ್ಥೆಯ ಜಿ. ಕೆ. ಮುಖರ್ಜಿ ಮತ್ತು ಎನ್. ಪರಿಹಾರ್. 2004ರಲ್ಲಿ ಯುರೋಪಿನ ಒಂದು ಭೂವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಸಂಸ್ಥೆ ಹೊಸದಲ್ಲ. ಅದರ ಬೇರು 1826ರ ಮುಂಬೈನ ಕೊಲಾಬಾ ವೀಕ್ಷಣಾಲಯದಲ್ಲಿದೆ. ಈಗಿನ ಕಚೇರಿ ನವೀ ಮುಂಬೈಯ ನ್ಯೂ ಪನ್ವೇಲ್‌ನಲ್ಲಿ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲೂ ಅದರ ಕೇಂದ್ರವಿದೆ.

ಭಾರತದಲ್ಲಿ ಈ ವಿಷಯ ಅದಕ್ಕಿಂತ ಹಳೆಯದು. ಕಲ್ಕತ್ತಾದ ಎಸ್. ಕೆ. ಮಿತ್ರಾ 1947ರಲ್ಲಿ ಮೇಲಿನ ವಾತಾವರಣದ ಬಗ್ಗೆ ಬರೆದ ದಪ್ಪ ಪುಸ್ತಕದಲ್ಲಿ ಇರುಳಿನ ಆಕಾಶದ ಬೆಳಕಿಗೆ ಒಂದು ಅಧ್ಯಾಯವೇ ಇದೆ. ಅದೇ 1947ರಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ಶುರುವಾಯಿತು. ಅದರ ಮೊದಲ ನಿರ್ದೇಶಕ ಕೆ. ಆರ್. ರಾಮನಾಥನ್, ಸರ್ ಸಿ. ವಿ. ರಾಮನ್ ಅವರ ಶಿಷ್ಯ. ರಾಜಸ್ಥಾನದ ಮೌಂಟ್ ಅಬು ಬೆಟ್ಟ ಆ ಪ್ರಯೋಗಾಲಯದವರಿಗೆ ಗಾಳಿಬೆಳಕಿನ ಠಾಣೆಯಾಯಿತು, ಇಂದಿಗೂ ಆಗಿದೆ.

ಮತ್ತೆ ಕೊಲ್ಹಾಪುರಕ್ಕೆ ಬರೋಣ. ತಿಂಗಳವಾರು ಸರಾಸರಿ ಮೈನಸ್ 79ರಿಂದ ಮೈನಸ್ 65ರ ನಡುವೆ ಇತ್ತು. ಇದು ಒಂದೇ ಎತ್ತರದ ಉಷ್ಣಾಂಶವಲ್ಲ, ಆ ಇಡೀ ಪದರದ ಸರಾಸರಿ ಎಂಬುದು ನೆನಪಿರಲಿ. ಹಲವು ರಾತ್ರಿ ಇನ್ನೊಂದು ಸಂಗತಿಯೂ ಕಂಡಿತು. ಉಷ್ಣಾಂಶ ಒಂದೇ ಸಮ ಇರಲಿಲ್ಲ. ಒಂದರಿಂದ ಎರಡು ಗಂಟೆಗೊಮ್ಮೆ ಏರುವುದು, ಇಳಿಯುವುದು, ಮತ್ತೆ ಏರುವುದು. ಮೇಲೆ ಅಲೆ ಹಾಯುತ್ತಿತ್ತು.

ಗಾಳಿಯಲ್ಲಿ ಅಲೆ ಅಂದರೆ ಮಾತಿನ ಸದ್ದಿನ ಅಲೆ ಅಲ್ಲ. ಕೆರೆಗೆ ಕಲ್ಲು ಹಾಕಿದಾಗ ನೀರು ಕೆಳಗಿಳಿದು ಮೇಲೆದ್ದು ದಡದವರೆಗೆ ಅಲೆ ಬರುತ್ತದಲ್ಲ, ಆ ಜಾತಿಯದು. ಗಾಳಿಯ ಒಂದು ತುಂಡನ್ನು ಯಾವುದೋ ಬಲ ಮೇಲಕ್ಕೆ ತಳ್ಳುತ್ತದೆ, ಭಾರಕ್ಕೆ ಅದು ಕೆಳಗಿಳಿಯುತ್ತದೆ, ಇಳಿದ ರಭಸಕ್ಕೆ ಇನ್ನೂ ಕೆಳಗೆ ಹೋಗಿ ಮತ್ತೆ ಏಳುತ್ತದೆ. ಇದಕ್ಕೆ ಗುರುತ್ವದ ಅಲೆ ಅನ್ನುತ್ತಾರೆ. ಕಪ್ಪುಕುಳಿಗಳು ಡಿಕ್ಕಿ ಹೊಡೆದಾಗ ಏಳುವ ಅಲೆಗಳ ಸುದ್ದಿ ಟಿವಿಯಲ್ಲಿ ಬಂತಲ್ಲ, ಅದು ಬೇರೆ, ಇದು ಬೇರೆ. ಮೇಲಿನ ಗಾಳಿಯಲ್ಲಿ ಈ ಅಲೆಗಳು ಇವೆ ಎಂದು 1960ರಲ್ಲಿ ಕೆನಡಾದ ಕಾಲಿನ್ ಹೈನ್ಸ್ ಲೆಕ್ಕ ಹಾಕಿ ತೋರಿಸಿದರು. 1973ರಲ್ಲಿ ಅಮೆರಿಕದ ಪೀಟರ್ಸನ್ ಮತ್ತು ಕೀಫೇಬರ್ ಹೈಡ್ರಾಕ್ಸಿಲ್ ಬೆಳಕಿನ ಫೋಟೋ ತೆಗೆದು ಪ್ರಕಟಿಸಿದರು. ಪಟ್ಟೆಪಟ್ಟೆಯಾದ ಆಕಾಶ, ರೆಂಟೆ ಹೊಡೆದ ಹೊಲದಂತೆ.

ಅಲೆ ಎಬ್ಬಿಸುವ ಕಲ್ಲು ಯಾವುದು? ಹೆಚ್ಚಿನದು ನಮ್ಮ ಬದುಕಿನ ಎತ್ತರದಲ್ಲೇ ಇದೆ. ಗುಡುಗಿನ ಮೋಡ ಉಕ್ಕಿ ಏರುವಾಗ ಮೇಲಿನ ಗಾಳಿಯನ್ನು ಗುದ್ದುತ್ತದೆ. ಗಾಳಿ ಬೆಟ್ಟಸಾಲನ್ನು ಹತ್ತಿ ಇಳಿಯುವಾಗ ಅಲೆ ಹುಟ್ಟುತ್ತದೆ. ಚಂಡಮಾರುತವೂ ಎಬ್ಬಿಸುತ್ತದೆ. 2014ರ ಅಕ್ಟೋಬರಿನಲ್ಲಿ ಅರಬ್ಬೀ ಸಮುದ್ರದಲ್ಲಿ ನಿಲೋಫರ್ ಚಂಡಮಾರುತ ಎದ್ದು, ಗುಜರಾತಿನ ದಡ ಮುಟ್ಟುವ ಮೊದಲೇ ಸೊರಗಿತ್ತು. ಸುದ್ದಿವಾಹಿನಿಗಳು ಅದನ್ನು ಅಲ್ಲಿಗೇ ಮರೆತವು. ಆದರೆ ಮೌಂಟ್ ಅಬುವಿನ ಗುರುಶಿಖರದಲ್ಲಿದ್ದ ಗಾಳಿಬೆಳಕಿನ ಉಪಕರಣ ಆ ದಿನಗಳಲ್ಲಿ ಕಂಡ ಅಲೆಗಳನ್ನು ಅಹಮದಾಬಾದಿನ ವಿಜ್ಞಾನಿಗಳು ನಿಲೋಫರ್‌ಗೆ ಜೋಡಿಸಿ ತೋರಿಸಿದರು. ಸಮುದ್ರದ ಬಿರುಗಾಳಿಯ ಏಟು 80-90 ಕಿಲೋಮೀಟರ್ ಎತ್ತರ ತಲುಪಿತ್ತು.

ಏರಿದಂತೆ ಅಲೆ ಸಣ್ಣದಾಗುವುದಿಲ್ಲ, ದೊಡ್ಡದಾಗುತ್ತದೆ. ಅಷ್ಟೆತ್ತರದಲ್ಲಿ ಗಾಳಿ ನೆಲದ ಗಾಳಿಗಿಂತ ಒಂದು ಲಕ್ಷ ಪಟ್ಟಿಗೂ ಹೆಚ್ಚು ತೆಳು. ಅದೇ ಶಕ್ತಿ ತೆಳು ಗಾಳಿಯನ್ನು ಅಲ್ಲಾಡಿಸಬೇಕಾದಾಗ ಅಲ್ಲಾಟ ಜೋರಾಗುತ್ತದೆ. ಚಾಟಿಯ ಹಿಡಿ ದಪ್ಪ, ತುದಿ ತೆಳು, ಕೈಯ ಸಣ್ಣ ಅಲುಗಾಟಕ್ಕೆ ತುದಿ ಚಟೀರ್ ಅನ್ನುತ್ತದಲ್ಲ, ಹಾಗೆ. ಕೊನೆಗೆ ಅಲೆ ತಾಳಲಾರದೆ ಮುರಿದು ಬೀಳುತ್ತದೆ, ಮುರಿದಲ್ಲಿ ಗಾಳಿಯನ್ನು ತಳ್ಳುತ್ತದೆ. ಈ ತಳ್ಳಾಟದಿಂದಲೇ ಧ್ರುವದ ಮೇಲೆ ಒಂದು ವಿಚಿತ್ರ ನಡೆಯುತ್ತದೆ. ಅಲ್ಲಿ ಬೇಸಿಗೆಯಲ್ಲಿ ದಿನದ 24 ಗಂಟೆಯೂ ಸೂರ್ಯ ಇರುತ್ತಾನೆ, ಆದರೂ 87 ಕಿಲೋಮೀಟರ್ ಎತ್ತರದಲ್ಲಿ ಚಳಿಗಾಲಕ್ಕಿಂತ ಬೇಸಿಗೆಯಲ್ಲೇ ಹೆಚ್ಚು ಚಳಿ. ಅಲೆಗಳ ತಳ್ಳುವಿಕೆಗೆ ಗಾಳಿ ಮೇಲೇರಿ ಹಿಗ್ಗಿ ತಣ್ಣಗಾಗುತ್ತದೆ.

ಮೈಲಾರದ ಕಾರ್ಣಿಕದ ಒಂದು ಸಾಲು ಕೇಳಿ ಮಳೆ-ಬೆಳೆಯ ಅರ್ಥ ಹುಡುಕುವ ನಮ್ಮ ಹಡಗಲಿ ಸೀಮೆಯವರು ಮೊದಲು ಕೇಳುವುದು, ಇದರಿಂದ ಮಳೆ ಗೊತ್ತಾಗುತ್ತದಾ ಅಂತ. ಇಲ್ಲ. ನಾಳೆಯ ಮಳೆ ಇದರಿಂದ ತಿಳಿಯುವುದಿಲ್ಲ. ತಿಳಿಯುತ್ತದೆ ಎಂದು ಯಾರಾದರೂ ಯೂಟ್ಯೂಬಿನಲ್ಲಿ ಹೇಳಿದರೆ ನಂಬಬೇಡಿ. ತಿಳಿಯುವುದು ಬೇರೆ, ಅದಕ್ಕೆ ಹತ್ತಾರು ವರ್ಷ ಬೇಕು.

ಕಾರ್ಬನ್ ಡೈಆಕ್ಸೈಡ್ ಹೆಚ್ಚಾದರೆ ನೆಲದ ಹತ್ತಿರ ಸೆಕೆ ಏರುತ್ತದೆ ಎಂದು ಎಲ್ಲರೂ ಕೇಳಿದ್ದೇವೆ. ಮೇಲಿನ ತೆಳು ಗಾಳಿಯಲ್ಲಿ ಅದೇ ಅನಿಲ ಶಾಖವನ್ನು ಬಾಹ್ಯಾಕಾಶಕ್ಕೆ ಬಿಟ್ಟುಕೊಟ್ಟು ತಂಪು ಮಾಡುತ್ತದೆ. ಅಂಟಾರ್ಕ್ಟಿಕಾದಲ್ಲಿ ಆಸ್ಟ್ರೇಲಿಯಾದವರ ಡೇವಿಸ್ ಠಾಣೆ 1995ರಿಂದ ಪ್ರತಿ ಚಳಿಗಾಲವೂ ಇದೇ ಹೈಡ್ರಾಕ್ಸಿಲ್ ಬೆಳಕು ಅಳೆಯುತ್ತಾ ಬಂದಿದೆ. ಅಲ್ಲಿ 87 ಕಿಲೋಮೀಟರಿನ ಗಾಳಿ ಹತ್ತು ವರ್ಷಕ್ಕೆ ಸುಮಾರು 1.2 ಡಿಗ್ರಿಯಂತೆ ತಣಿದಿದೆ. ಒಂದೇ ರಾತ್ರಿಯಲ್ಲಿ ಹಲವು ಡಿಗ್ರಿ ಏರಿಳಿಯುವ ಕಡೆ ಹತ್ತು ವರ್ಷಕ್ಕೆ ಒಂದು ಡಿಗ್ರಿ ಗುರುತಿಸಬೇಕಾದರೆ, ಎಷ್ಟು ರಾತ್ರಿ ಬಿಡದೆ ಅಳೆಯಬೇಕು ಲೆಕ್ಕ ಹಾಕಿ. 60 ರಾತ್ರಿ ಸಾಲುವುದಿಲ್ಲ.

ಇಲ್ಲಿ ನಮ್ಮ ನಾಡಿಗೆ ಒಂದು ತೊಡಕಿದೆ. ಕೊಲ್ಹಾಪುರದ ಲೆಕ್ಕ ನವೆಂಬರಿನಿಂದ ಏಪ್ರಿಲ್‌ವರೆಗೆ ಮಾತ್ರ ಯಾಕೆ? ಮುಂಗಾರು ಬಂದರೆ ಆಕಾಶ ಮುಚ್ಚಿತು. ಮೋಡದ ಕೆಳಗೆ ಕೂತ ಉಪಕರಣ ಕುರುಡು. ಯಾವ ತಿಂಗಳಲ್ಲಿ ಗುಡುಗಿನ ಮೋಡಗಳು ಮೇಲಕ್ಕೆ ಅಲೆ ಕಳಿಸುತ್ತವೋ ಆ ತಿಂಗಳಲ್ಲೇ ನೋಡಲು ಆಗದು. 2001ರ ಡಿಸೆಂಬರಿನಲ್ಲಿ ಅಮೆರಿಕ ಹಾರಿಸಿದ ಟೈಮ್ಡ್ ಉಪಗ್ರಹ ಮೋಡದ ಮೇಲಿಂದಲೇ ಈ ಎತ್ತರದ ಉಷ್ಣಾಂಶ ಅಳೆಯಿತು. ಆದರೆ ಉಪಗ್ರಹ ಒಂದೂರಿನ ಮೇಲೆ ಹಾದು ಹೋಗುತ್ತದೆ, ನಿಲ್ಲುವುದಿಲ್ಲ. ಗಂಟೆಗೊಮ್ಮೆ ಏರಿಳಿಯುವ ಅಲೆ ಹಿಡಿಯಲು ರಾತ್ರಿಯಿಡೀ ಒಂದೇ ಕಡೆ ಕೂತಿರುವವರೇ ಬೇಕು.

ಇನ್ನೊಂದು ತೊಡಕು ನಾವೇ ತಂದುಕೊಂಡದ್ದು. ಬೀದಿಗಳಲ್ಲಿ ಹಳದಿ ಸೋಡಿಯಂ ದೀಪ ಇದ್ದ ಕಾಲದಲ್ಲಿ ಅದು ಹೆಚ್ಚಾಗಿ ಹಳದಿಯ ಸುತ್ತಲಿನ ಬಣ್ಣಗಳನ್ನು ಕೆಡಿಸುತ್ತಿತ್ತು. 90 ಕಿಲೋಮೀಟರ್ ಮೇಲಿನ ಸೋಡಿಯಂ ಗಾಳಿಬೆಳಕಿನದೂ ಅದೇ ಬಣ್ಣ, ಅದನ್ನು ಅಳೆಯುವವರಿಗೆ ತಲೆನೋವು. ಈಗಿನ ಬಿಳಿ ಎಲ್‌ಇಡಿ ನೀಲಿಯಿಂದ ಕೆಂಪಿನವರೆಗೆ ಎಲ್ಲ ಬಣ್ಣದಲ್ಲೂ ಹರಡುತ್ತದೆ. ಕರೆಂಟು ಉಳಿಯಿತು ನಿಜ, ಆದರೆ ಉಳಿದ ಕರೆಂಟಿನಲ್ಲಿ ನಾವು ಇನ್ನೊಂದು ದೀಪ ಹಾಕಿದೆವು. ಸರ್ಕಲ್ಲಿಗೊಂದು ಹೈಮಾಸ್ಟ್ ಬೇಕು ಎಂಬುದು ಈಗ ಪ್ರತಿ ಗ್ರಾಮಸಭೆಯ ಬೇಡಿಕೆ. ಬೆಳಕು ಬೇಡ ಅನ್ನುವ ಪೈಕಿ ನಾವಲ್ಲ. ಕತ್ತಲಲ್ಲಿ ಹಾವು, ಕರಡಿ ಏನೆಂದು ಗುಡೇಕೋಟೆ ಸುತ್ತಲಿನವರನ್ನು ಕೇಳಿದರೆ ಸಾಕು. ಆದರೆ ದೀಪದ ಅರ್ಧ ಬೆಳಕು ರಸ್ತೆಗೆ ಬೀಳದೆ ಆಕಾಶಕ್ಕೆ ಹೋಗುತ್ತಿದ್ದರೆ ಆ ಬಿಲ್ಲು ಕಟ್ಟುವವರು ಯಾರು?

ಲಡಾಖಿನ ಹಾನ್ಲೆಯಲ್ಲಿ ಬೇರೆ ದಾರಿ ಹಿಡಿದಿದ್ದಾರೆ. ಅಲ್ಲಿನ ದೂರದರ್ಶಕ ನಡೆಸುವುದು ನಮ್ಮ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. 2022ರಲ್ಲಿ ಲಡಾಖ್ ಆಡಳಿತದ ಜೊತೆ ಸೇರಿ ಆ ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ಪ್ರದೇಶ ಮಾಡಿದರು. ದೀಪಕ್ಕೆ ಮುಚ್ಚಳ, ಕಿಟಕಿಗೆ ಪರದೆ, ರಾತ್ರಿ ವಾಹನದ ಹೆಡ್‌ಲೈಟಿಗೆ ಮಿತಿ. ಊರಿನ ಹುಡುಗ ಹುಡುಗಿಯರಿಗೆ ದೂರದರ್ಶಕ ಕೊಟ್ಟು ತರಬೇತಿ ಕೊಟ್ಟರು. ಬಂದವರಿಗೆ ಅವರೇ ಚುಕ್ಕಿ ತೋರಿಸುತ್ತಾರೆ, ಅದೂ ಒಂದು ಸಂಪಾದನೆ.

ಕೂಡ್ಲಿಗಿ ಹಾನ್ಲೆಯಲ್ಲ, ಅಷ್ಟು ಎತ್ತರವೂ ಇಲ್ಲ, ಅಷ್ಟು ಒಣಗಾಳಿಯೂ ಇಲ್ಲ. ಆದರೂ ಮಳೆ ಕಡಿಮೆ ಎಂದು ನಾವು ಬೈದುಕೊಳ್ಳುವ ಇದೇ ಆಕಾಶ ವರ್ಷದಲ್ಲಿ ಬಹಳ ರಾತ್ರಿ ತೆರೆದೇ ಇರುತ್ತದೆ. ಕೊಲ್ಹಾಪುರದ ಉಪಕರಣಕ್ಕೆ ಬೆಳಗಾವಿ, ವಿಜಯಪುರದ ಮೇಲಿನ ಪದರವೂ ಓರೆಯಾಗಿ ನೋಡಿದರೆ ಸಿಗುವಷ್ಟು ಹತ್ತಿರ. ನಮ್ಮ ಐದು ತಾಲ್ಲೂಕು ಅದಕ್ಕಿಂತ ದೂರ. ಇಲ್ಲಿನ ಯಾವುದಾದರೂ ಡಿಗ್ರಿ ಕಾಲೇಜಿನ ತಾರಸಿ ಮೇಲೆ ಇಂಥದ್ದೊಂದು ಉಪಕರಣ ಕೂತರೆ ಬೇಡ ಅನ್ನುವ ಕಾರಣ ನಮಗಂತೂ ಕಾಣುವುದಿಲ್ಲ.

ಉಪಕರಣ ಇಲ್ಲದೆ ನೋಡುವ ಆಸೆ ಇರುವವರಿಗೆ: ಹೈಡ್ರಾಕ್ಸಿಲ್ ಬೆಳಕು ಕಣ್ಣಿಗೆ ಸಿಗುವುದಿಲ್ಲ, ಹಸಿರು ಆಮ್ಲಜನಕದ್ದು ಮಸುಕು ಬೂದಿಯಾಗಿ ಸಿಗಬಹುದು. ಅಮಾವಾಸ್ಯೆಯ ಆಚೀಚೆ, ಡಿಸೆಂಬರ್ ಅಥವಾ ಜನವರಿಯಲ್ಲಿ, ಊಟ ಮುಗಿಸಿ ಹೊಲದ ಕಡೆ ಹೋಗಿ. ಮೊಬೈಲನ್ನು ಜೇಬಿನಲ್ಲಿಡಿ, ಒಮ್ಮೆ ಸ್ಕ್ರೀನ್ ನೋಡಿದರೆ ಕಣ್ಣು ಮತ್ತೆ ಕತ್ತಲಿಗೆ ಹೊಂದಲು ಇಪ್ಪತ್ತು ನಿಮಿಷ ಬೇಕು. ನೆತ್ತಿ ನೋಡಬೇಡಿ, ದಿಗಂತದಿಂದ ಒಂದೂವರೆ ಗೇಣು ಮೇಲೆ, ಕೈ ಚಾಚಿ ಅಳೆದು, ಅಲ್ಲಿ ನೋಡಿ. ನೆತ್ತಿಗಿಂತ ಅಲ್ಲಿ ಚೂರು ಬೆಳಕು ಹೆಚ್ಚು. ಒಂದೇ ದಿಕ್ಕಿನಲ್ಲಿ ಗುಡ್ಡೆಯಾಗಿ ಬೆಳಕು ಕಂಡರೆ ಅದು ಗಾಳಿಬೆಳಕಲ್ಲ, ಪಕ್ಕದ ಊರಿನ ಹೈಮಾಸ್ಟ್. ಅದಕ್ಕೆ ಬೆನ್ನು ಹಾಕಿ ನಿಲ್ಲಿ.